ಬಿಚ್ಚುವ ಪಾಠ ಸೋಮವಾರ

ಬೂದಿಕಟ್ಟೆಯ ಉಚ್ಚಂಗೆಪ್ಪನಿಗೆ ಕೆಲಸ ಬರುವುದಿಲ್ಲ ಎಂದರೆ ಅನ್ಯಾಯವಾಗುತ್ತದೆ. ಕೆಲಸ ಶುರು ಮಾಡುವುದರಲ್ಲಿ ಅವನಷ್ಟು ಚುರುಕಾದವನು ಕೆರೆಬಿಳಚಿಯಿಂದ ಸೂಳೆಕೆರೆ ಏರಿಯವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ತೊಂದರೆ ಇದ್ದದ್ದು ನಿಲ್ಲಿಸುವುದರಲ್ಲಿ. ಹರೆಯದಲ್ಲಿ ಸೈಕಲ್ ಹತ್ತುವುದನ್ನು ಒಂದೇ ಬೆಳಗ್ಗೆ ಕಲಿತ. ಇಳಿಯುವುದನ್ನು ಹೇಳಿಕೊಡಬೇಕಾದ ಗೆಳೆಯ ಅಷ್ಟರಲ್ಲಿ ಊಟಕ್ಕೆ ಹೋಗಿದ್ದ. ಹಾಗಾಗಿ ಬಸವಾಪಟ್ಟಣದವರೆಗೂ ತುಳಿದುಕೊಂಡು ಹೋಗಿ, ಅಲ್ಲಿನ ಚಹಾದಂಗಡಿಯೊಂದರ ಒಳಗೆ, ಬೆಂಚಿನ ಮೇಲೆ ಕೂತಿದ್ದವರ ನಡುವೆ ಇಳಿದ. ಮದುವೆಯಾದ ಮೇಲೆ ಊರಗೌಡರ ಕಬ್ಬಿನ ಗದ್ದೆಯಲ್ಲಿ ಡೀಸೆಲ್ ಪಂಪು ಚಾಲೂ ಮಾಡುವ ಕೆಲಸ ಸಿಕ್ಕಿತು. ಚಾಲೂ ಮಾಡಿದ. ಆರಿಸುವುದು ಹೇಗೆಂದು ಅವನೂ ಕೇಳಲಿಲ್ಲ, ಗೌಡರೂ ಹೇಳಲಿಲ್ಲ. ಸಂಜೆಯ ಹೊತ್ತಿಗೆ ನೀರು ಗದ್ದೆ ದಾಟಿ, ರಸ್ತೆ ದಾಟಿ, ಶಾಲೆಯೊಳಗೆ ನುಗ್ಗಿ ಮೇಷ್ಟ್ರ ಚಪ್ಪಲಿಗಳನ್ನು ತೇಲಿಸಿಕೊಂಡು ಹೋಯಿತು.

ಅವತ್ತೇ ಉಚ್ಚಂಗೆಪ್ಪ ಒಂದು ಪ್ರತಿಜ್ಞೆ ಮಾಡಿದ. ಹೇಳಿಕೊಟ್ಟದ್ದನ್ನು ಮಾತ್ರ ಮಾಡಬೇಕು, ಹೇಳಿಕೊಡದ ಕೆಲಸಕ್ಕೆ ಪ್ರಾಣ ಹೋದರೂ ಕೈ ಹಾಕಬಾರದು. ಪ್ರತಿಜ್ಞೆ ಒಳ್ಳೆಯದೇ. ಆದರೆ ಒಳ್ಳೆಯ ಪ್ರತಿಜ್ಞೆಗೂ ಅದನ್ನು ಇಟ್ಟುಕೊಳ್ಳುವ ತಲೆ ಒಂದು ಬೇಕಾಗುತ್ತದೆ.

ಎಪ್ಪತ್ತೆಂಟನೇ ಇಸವಿಯಲ್ಲಿ ಸರ್ಕಾರಕ್ಕೆ ಊರಿಗೊಬ್ಬ ಆರೋಗ್ಯ ಸಹಾಯಕ ಇರಲಿ ಎನ್ನಿಸಿತು. ಜ್ವರಕ್ಕೆ ಮಾತ್ರೆ ಕೊಡುವುದು, ಬಾವಿಗೆ ಔಷಧಿ ಪುಡಿ ಹಾಕುವುದು, ಪೆಟ್ಟಾದವರಿಗೆ ಪಟ್ಟಿ ಕಟ್ಟಿ ಆಸ್ಪತ್ರೆಗೆ ಕಳಿಸುವುದು ಅವನ ಕೆಲಸ. ಹೋಬಳಿ ಆಸ್ಪತ್ರೆಯಲ್ಲಿ ತರಬೇತಿ, ಪಾಸಾದವರಿಗೆ ಒಂದು ಔಷಧಿ ಪೆಟ್ಟಿಗೆ. ಬೂದಿಕಟ್ಟೆಯವರು ಸಭೆ ಸೇರಿ ಉಚ್ಚಂಗೆಪ್ಪನನ್ನು ಒಮ್ಮತದಿಂದ ಆರಿಸಿದರು, ಏಕೆಂದರೆ ಉಳಿದವರಿಗೆಲ್ಲ ಕೆಲಸ ಇತ್ತು.

ಈ ಸುದ್ದಿ ಜಗಳೂರು ಕಡೆಗೆ ಹೋದದ್ದೇ ತಡ, ಅವನ ಮಾವ ಗೋಣೆಪ್ಪ ಒಂದು ಕೈಚೀಲ ಹಿಡಿದುಕೊಂಡು ಬಸ್ಸಿಳಿದ. ಗೋಣೆಪ್ಪ ದೊಡ್ಡ ಕುರಿಹಿಂಡಿನ ಯಜಮಾನ. ಮಾತು ಖಡಕ್ಕು, ಊಟ ಭರ್ಜರಿ. ಬಂದವನೇ ಜಗಲಿಯ ಮೇಲೆ ಕೂತು ವಿಷಯ ಹೇಳಿಬಿಟ್ಟ.

"ನೋಡಪ್ಪ ಅಳಿಯ, ಇದೊಂದು ಕಡೇ ಸಲ. ಪಾಸಾದ್ರೆ ಇಲ್ಲೇ ಇರು, ನಾನು ಬಾಯಿ ಮುಚ್ಕಂಡು ಊರಿಗೆ ಹೋಗ್ತೀನಿ. ಫೇಲಾದ್ರೆ ನನ್ನ ಮಗಳನ್ನೂ ನಿನ್ನನ್ನೂ ಕರ್ಕಂಡು ಹೋಗ್ತೀನಿ. ನನ್ನ ಕುರಿ ಕಾಯಾಕೆ ಒಬ್ಬ ಆಳು ಬೇಕಾಗ್ಯಾನೆ."

ಉಚ್ಚಂಗೆಪ್ಪನಿಗೆ ಮಾವನ ಟಗರು ನೆನಪಾಯಿತು. ಮದುವೆಯ ಹೊಸದರಲ್ಲಿ ಮಾವನ ಮನೆಗೆ ಹೋಗಿದ್ದಾಗ ಒಂದು ಟಗರು ಅವನನ್ನು ಹಟ್ಟಿಯ ಸುತ್ತ ಓಡಿಸಿತ್ತು. ಜನ ಅದನ್ನು ಊಟದ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದು ನೋಡಿದ್ದರು. ಆ ಟಗರು ಇನ್ನೂ ಬದುಕಿತ್ತು.

ಹೀಗಾಗಿ ಉಚ್ಚಂಗೆಪ್ಪ ತರಬೇತಿಗೆ ಒಂದು ದಿನವೂ ತಪ್ಪಿಸಲಿಲ್ಲ. ಹೇಳಿಕೊಡುತ್ತಿದ್ದವರು ಹೆಲ್ತ್ ಇನ್‌ಸ್ಪೆಕ್ಟರ್ ಬಸವರಾಜಪ್ಪ, ಸಣ್ಣ ಮೀಸೆಯ, ದೊಡ್ಡ ದನಿಯ ಮನುಷ್ಯ. ಒಂದು ಗುರುವಾರ ಪಟ್ಟಿ ಕಟ್ಟುವ ಪಾಠ ಆಯಿತು. ತಲೆಗೆ ಹೇಗೆ, ಕೈಗೆ ಹೇಗೆ, ಕಾಲಿಗೆ ಹೇಗೆ, ಮುರಿದ ಎಲುಬಿಗೆ ಬಿದಿರಿನ ದಬ್ಬೆ ಇಟ್ಟು ಸುತ್ತುವುದು ಹೇಗೆ ಎಂದು ತೋರಿಸಿ, ಎಲ್ಲರಿಗೂ ಒಂದೊಂದು ಸೆಟ್ಟು ಪಟ್ಟಿ, ದಬ್ಬೆ ಕೊಟ್ಟರು.

"ಕಟ್ಟಾದು ಇವತ್ತು ಕಲಿತ್ರಿ. ಬಿಚ್ಚಾದು ಸೋಮವಾರ ಹೇಳ್ತೀನಿ. ಮುರಿದ ಕೈಗೆ ಕಟ್ಟಿದ್ದನ್ನ ಗೊತ್ತಿಲ್ಲದೋರು ಬಿಚ್ಚಿದ್ರೆ ಕೈಯೇ ಹೋಗ್ತತೆ, ನೆನಪಿರ್ಲಿ. ಮನೇಲಿ ಕಟ್ಟಿ ರೂಢಿ ಮಾಡ್ಕಳ್ರಿ. ಸೋಮವಾರವೇ ಪರೀಕ್ಷೆ. ಸಾಮಾನು ತರದೋರು ಹಂಗೇ ವಾಪಸ್ ಮನೆಗೆ ಹೋಗ್ರಿ," ಎಂದರು.

ಈ ಮಾತನ್ನು ಉಚ್ಚಂಗೆಪ್ಪ ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಾ ಬಂದ. ಬಸ್ಸು ಜೋರಾಗಿ ಕುಲುಕುತ್ತಿತ್ತು. ದಾರಿಯಲ್ಲೆಲ್ಲೋ 'ಮುರಿದ ಕೈಗೆ' ಎಂಬ ಭಾಗ ಉದುರಿಹೋಗಿ, 'ಗೊತ್ತಿಲ್ಲದವರು ಬಿಚ್ಚಿದರೆ ಕೈಯೇ ಹೋಗುತ್ತದೆ' ಎಂಬುದು ಮಾತ್ರ ಊರು ತಲುಪಿತು.

ಅವನು ಊರಿಗೆ ಬಂದಾಗ ಗೋಣೆಪ್ಪ ಅರಳಿಕಟ್ಟೆಯ ಮೇಲೆ ಪಕ್ಕದ ಮನೆಯ ಮೂಕಪ್ಪನ ಜೊತೆ ಹುಲಿ-ಕುರಿ ಆಟ ಆಡುತ್ತಿದ್ದ. ಈ ಮೂಕಪ್ಪ ಕಡ್ಡಿಯಂಥ ಆಳು. ಇರುವೆ ಸಾಲು ಅಡ್ಡ ಬಂದರೂ ಸುತ್ತಿಕೊಂಡು ಹೋಗುವ ಸ್ವಭಾವ. ಆದರೆ ಆಟಕ್ಕೆ ಕೂತರೆ ಯಾವಾಗಲೂ ಹುಲಿಯ ಕಡೆ. ಹುಟ್ಟಿದಾಗಿನಿಂದ ಕುರಿ ಕಂಡ ಗೋಣೆಪ್ಪ ಕುರಿಗಳನ್ನು ಒಂದೊಂದೇ ನಡೆಸಿ ಹುಲಿಯನ್ನು ಮೂಲೆಗೆ ಒತ್ತಿಬಿಟ್ಟ. ಮೂಕಪ್ಪ ಸಿಟ್ಟಿನಿಂದ ಕಲ್ಲುಗಳನ್ನೆಲ್ಲ ಗುಡಿಸಿ ಎಸೆದು, "ಇನ್ನೊಂದ್ ಸಲ ಕೈ ಮುಂದೆ ತಂದ್ರೆ ಕೈ ಮುರಿದು ಕೈಗೆ ಕೊಡ್ತೀನಿ," ಎಂದು ಕೂಗಿ ಮನೆಗೆ ಹೋದ. ಕಟ್ಟೆಯ ಮೇಲಿದ್ದವರೆಲ್ಲ ಇದನ್ನು ಕೇಳಿಸಿಕೊಂಡರು.

ಮಾರನೆಯ ದಿನ ಉಚ್ಚಂಗೆಪ್ಪ ಅಭ್ಯಾಸಕ್ಕೆ ಕೂತ. ಮೊದಲು ಹೆಂಡತಿ ಹೊನ್ನೂರಮ್ಮನನ್ನು ಕೇಳಿದ. "ನಂಗೆ ರೊಟ್ಟಿ ಬಡಿಯಾಕೆ ಕೈ ಬೇಕು," ಎಂದಳು. ಪಡಸಾಲೆಯ ಕಂಬಕ್ಕೆ ಕಟ್ಟಿ ನೋಡಿದ, ಕಂಬಕ್ಕೆ ಮೊಣಕೈ ಇರಲಿಲ್ಲ. ಅಷ್ಟು ಹೊತ್ತು ಚಾಪೆಯ ಮೇಲೆ ಒರಗಿ ನೋಡುತ್ತಿದ್ದ ಗೋಣೆಪ್ಪ, "ಬಾರಪ್ಪ, ನಂಗೇ ಕಟ್ಟು. ಏನ್ ಕಲಿತೀಯ ನೋಡಾನ," ಎಂದು ಕೈ ಚಾಚಿದ.

ಉಚ್ಚಂಗೆಪ್ಪ ಕಟ್ಟಿದ. ತಲೆಗೆ ಕಿವಿ ಮುಚ್ಚುವಂತೆ ಸುತ್ತಿದ. ಬಲಗೈಗೆ ದಬ್ಬೆ ಇಟ್ಟು ಕೊರಳಿಗೆ ಜೋಲಿ ಹಾಕಿದ. ಎಡಗಾಲಿಗೆ ಮಂಡಿಯಿಂದ ಹಿಮ್ಮಡಿಯವರೆಗೆ ಗೋಧಿ ತೆನೆ ಹೆಣೆದ ಹಾಗೆ ನೀಟಾಗಿ ಕಟ್ಟಿದ. ನಿಜ ಹೇಳಬೇಕೆಂದರೆ ಕೆಲಸ ಚೆನ್ನಾಗಿತ್ತು. ಗೋಣೆಪ್ಪನೇ ಕನ್ನಡಿ ತರಿಸಿ ನೋಡಿಕೊಂಡು ತಲೆದೂಗಿದ.

"ಆತು, ಬಿಚ್ಚು ಇನ್ನ. ಕೆರೆ ಕಡೆ ಹೋಗ್ಬರ್ತೀನಿ."

"ಬಿಚ್ಚಾದು ಸೋಮವಾರ, ಮಾವ."

"ಏನಂದಿ?"

"ಇನ್ನೂ ಪಾಠ ಆಗಿಲ್ಲ. ಗೊತ್ತಿಲ್ಲದೋರು ಬಿಚ್ಚಿದ್ರೆ ಕೈಯೇ ಹೋಗ್ತತಂತೆ. ಇನ್‌ಸ್ಪೆಕ್ಟ್ರೇ ಹೇಳ್ಯಾರೆ."

ಗೋಣೆಪ್ಪ ತನ್ನ ಕೈ ನೋಡಿಕೊಂಡ. ಐವತ್ತು ವರ್ಷ ಜೊತೆಗಿದ್ದ ಕೈ. ಹೊನ್ನೂರಮ್ಮ ಒಳಗಿನಿಂದ ಬಂದು, "ನೀವೊಂದು, ಬಿಡ್ರಿ ನಾನೇ ಬಿಚ್ತೀನಿ," ಎಂದು ಗಂಟಿಗೆ ಕೈ ಹಾಕಿದಳು. ಗೋಣೆಪ್ಪ ಪಟ್ಟನೆ ಹಿಂದಕ್ಕೆ ಸರಿದು, "ಮುಟ್ಟಬ್ಯಾಡವ್ವ, ನಿನಗೇನ್ ಗೊತ್ತು," ಎಂದ.

ಸರಿಯಾಗಿ ಅದೇ ಗಳಿಗೆಯಲ್ಲಿ ಮೂಕಪ್ಪನ ಹೆಂಡತಿ ಗಾದ್ರಮ್ಮ ಮಜ್ಜಿಗೆ ಕೇಳಲು ಬಾಗಿಲಿಗೆ ಬಂದಳು. ಬಿಳಿ ಪಟ್ಟಿಯಲ್ಲಿ ಸುತ್ತಿಟ್ಟ ಗೋಣೆಪ್ಪನನ್ನು ನೋಡಿದಳು. ನಿನ್ನೆ ಗಂಡ ಕಟ್ಟೆಯ ಮೇಲೆ ಆಡಿದ ಮಾತು ನೆನಪಾಯಿತು. ಗಡಿಗೆ ಅಲ್ಲೇ ಬಿಟ್ಟು, "ಅಯ್ಯೋ, ಮುರಿದೇ ಬಿಟ್ನಲ್ಲಪ್ಪ," ಎಂದು ಎದೆ ಬಡಿದುಕೊಂಡು ಓಡಿದಳು.

ಗಾದ್ರಮ್ಮ ಬಾವಿಕಟ್ಟೆಗೆ ಹೇಳಿದಳು, ಬಾವಿಕಟ್ಟೆ ಬಸ್‌ಸ್ಟ್ಯಾಂಡಿಗೆ ಹೇಳಿತು, ಬಸ್‌ಸ್ಟ್ಯಾಂಡಿನಿಂದ ಹೊನ್ನಾಳಿ ಬಸ್ಸಿನ ಕಂಡಕ್ಟರು ಮುಂದಕ್ಕೆ ಒಯ್ದ. ಬೂದಿಕಟ್ಟೆಯಲ್ಲಿ ಕೈ ಕಾಲು ಎಂದು ಹೊರಟದ್ದು ನಡುದಾರಿಯಲ್ಲಿ ಪಕ್ಕೆಲುಬನ್ನು ಸೇರಿಸಿಕೊಂಡು, ಹೊನ್ನಾಳಿ ಮುಟ್ಟುವಷ್ಟರಲ್ಲಿ ಮಾತು ಹೋಗಿದೆ ಎನ್ನುವಲ್ಲಿಗೆ ಬಂದಿತ್ತು.

ಮರುದಿನದ ಮೊದಲ ಬಸ್ಸಿಗೇ ಹೊನ್ನಾಳಿಯಿಂದ ಗೋಣೆಪ್ಪನ ತಂಗಿ ಕರಿಬಸಮ್ಮ ಬಂದಿಳಿದಳು. ಕಂಕುಳಲ್ಲಿ ಎರಡು ಬ್ರೆಡ್ಡಿನ ಪೊಟ್ಟಣ, ಚೀಲದಲ್ಲಿ ಮೂಸಂಬಿ. ನಮ್ಮ ಕಡೆ ಬ್ರೆಡ್ಡು ತಿನ್ನಬೇಕಾದರೆ ಮನುಷ್ಯ ಕಾಯಿಲೆ ಬೀಳಬೇಕು. ಗಟ್ಟಿಯಾಗಿರುವವನಿಗೆ ಬ್ರೆಡ್ಡು ಕೊಟ್ಟರೆ ಅವನು ತನಗೇನೋ ಆಗಿದೆ ಎಂದು ಹೆದರುತ್ತಾನೆ. ಗೋಣೆಪ್ಪನಿಗೆ ಹುಟ್ಟಾ ಆರೋಗ್ಯ. ಹಾಗಾಗಿ ಈ ವಯಸ್ಸಿನವರೆಗೆ ಅವನಿಗೆ ಬ್ರೆಡ್ಡಿನ ಯೋಗ ಬಂದಿರಲಿಲ್ಲ.

"ಅಣ್ಣಾ, ಮಾತಾಡಣ್ಣಾ," ಎಂದು ಕರಿಬಸಮ್ಮ ಅಳುತ್ತಾ ಒಂದು ತುಂಡು ಹಾಲಿನಲ್ಲಿ ಅದ್ದಿ, ಸಕ್ಕರೆ ಉದುರಿಸಿ, ಬಾಯಿಗಿಟ್ಟಳು.

ಗೋಣೆಪ್ಪ, ತನಗೇನೂ ಆಗಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದ. ಬ್ರೆಡ್ಡು ಒಳಗೆ ಹೋಯಿತು. ಅವನು ಬಾಯಿ ಮುಚ್ಚಿದ. ಕಣ್ಣೂ ಮುಚ್ಚಿದ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಇನ್ನೊಂದು," ಎಂದು ನರಳಿದ.

ಅಲ್ಲಿಗೆ ಕೆಲಸ ಕೆಟ್ಟಿತು. ನ್ಯಾಮತಿಯಿಂದ ಗೋಣೆಪ್ಪನ ಷಡ್ಡಕ ಬನ್ನು ತಂದ. ಚನ್ನಗಿರಿಯ ಬೀಗರು ಎಳನೀರು ತಂದರು. ಜಗಳೂರಿನಿಂದ ಅಣ್ಣತಮ್ಮಂದಿರು ಕಂಬಳಿ ಹೊದ್ದು ಗುಂಪಾಗಿ ಬಂದು, ಸಾಲಾಗಿ ಕೂತು, ಗೋಣೆಪ್ಪನನ್ನೇ ನೋಡುತ್ತಾ ಹೊನ್ನೂರಮ್ಮ ಬಡಿದ ರೊಟ್ಟಿಯನ್ನೆಲ್ಲ ಮುಗಿಸಿದರು. ಅಡುಗೆಮನೆಯಲ್ಲಿ ಉಚ್ಚಂಗೆಪ್ಪ ಸಿಕ್ಕವರಿಗೆಲ್ಲ, "ಏನೂ ಆಗಿಲ್ಲ, ನಾನೇ ಕಟ್ಟಿದ್ದು," ಎಂದು ಹೇಳುತ್ತಿದ್ದ. "ಪಾಪ, ಅಳಿಯನೇ ಕಟ್ಯಾನೆ," ಎಂದು ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಇತ್ತ ಮೂಕಪ್ಪನ ಕಥೆ ಬೇರೆ. ಹೆಂಡತಿ ಎದೆ ಬಡಿದುಕೊಂಡು ಬಂದಾಗ ಅವನು ಹೆದರಿ ಕಣಜದ ಹಿಂದೆ ಅಡಗಿದ್ದ. ತಾನು ಹೊಡೆದಿಲ್ಲವೆಂದು ದೇವರ ಆಣೆ ಹಾಕಿದ. ಗಾದ್ರಮ್ಮ ನಂಬಲಿಲ್ಲ. ನಂಬದೆ, ಮದುವೆಯಾದಾಗಿನಿಂದ ಮೊದಲ ಬಾರಿಗೆ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, "ಉಣ್ರಿ," ಎಂದಳು. ಮೂಕಪ್ಪ ಕಣಜದ ಹಿಂದಿನಿಂದ ಹೊರಬಂದ. ಬೀದಿಗಿಳಿದರೆ ಜನ ದಾರಿ ಬಿಟ್ಟರು. ಕ್ಷೌರದ ಅಂಗಡಿಯಲ್ಲಿ ಸರದಿ ಬಿಟ್ಟುಕೊಟ್ಟರು. ಅವತ್ತು ಸಂಜೆ ಅವನು ಮೀಸೆಗೆ ಎಣ್ಣೆ ಹಚ್ಚಿದ.

ಸುದ್ದಿ ಕೇಳಿ ಸ್ಟೇಷನ್ನಿನಿಂದ ದಫೇದಾರರು ಸೈಕಲ್ ಮೇಲೆ ಬಂದರು. ಮೊದಲು ಗೋಣೆಪ್ಪನನ್ನು, "ಯಾರಪ್ಪ ಹೊಡ್ದಿದ್ದು?" ಎಂದು ಕೇಳಿದರು. ಗೋಣೆಪ್ಪನ ಬಾಯಲ್ಲಿ ಬನ್ನು ಇತ್ತು. ಅವನು ತೊಲೆಯ ಕಡೆ ನೋಡಿದ. "ಮಾತು ನಿಂತೈತೆ ಸಾಹೇಬ್ರೆ," ಎಂದು ಕರಿಬಸಮ್ಮ ಹೇಳಿದಳು. ಆಮೇಲೆ ಮೂಕಪ್ಪನನ್ನು ಕಟ್ಟೆಗೆ ಕರೆಸಿದರು. ಮೂಕಪ್ಪ ಬಂದು ದಫೇದಾರರ ಕಿವಿಗೆ ಬಾಯಿಟ್ಟು, "ನಾನು ಮುಟ್ಟೇ ಇಲ್ಲ ಸಾಹೇಬ್ರೆ, ನನ್ನ ತೋಳು ನೋಡ್ರಿ," ಎಂದು ಪಿಸುಗುಟ್ಟಿದ. ಹಾಗೆಯೇ ತಿರುಗಿ ನಿಂತು ಬೀದಿಗೆಲ್ಲ ಕೇಳುವಂತೆ, "ಹೊಡ್ದೀನಿ ಅನ್ರಿ ಬೇಕಾದ್ರೆ, ನಾನೇನ್ ಹೆದ್ರಾಕಿಲ್ಲ," ಎಂದ. ದಫೇದಾರರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಗೋಣೆಪ್ಪನ ಗಾತ್ರ ನೆನಪು ಮಾಡಿಕೊಂಡರು. ಮೂಸಂಬಿಯೊಂದನ್ನು ಸುಲಿದು ತಿಂದು, ಬಿಸಿಲು ಇಳಿದ ಮೇಲೆ ಹೊರಟುಹೋದರು.

ಭಾನುವಾರ ಮಧ್ಯಾಹ್ನ ನೆಂಟರು ಕೆರೆ ನೋಡಲು ಹೋದ ಸಮಯ ನೋಡಿ ಉಚ್ಚಂಗೆಪ್ಪ ಮಾವನ ಕಾಲ ಬಳಿ ಕೂತ.

"ಮಾವ, ನಾಳೆ ಪರೀಕ್ಷೆ. ಸಾಮಾನು ಬೇಕು."

"ನನ್ನ ಮೈಮ್ಯಾಲೆ ಐತಲ್ಲ, ತಗ."

"ತಗಳ್ಳಾಕೆ ಬಿಚ್ಚಬೇಕು."

"ಬಿಚ್ಚು."

"ಬಿಚ್ಚಾಕೆ ಕಲಿಬೇಕು. ನಾಳೆ ಕಲಿಸ್ತಾರೆ."

"ಹಂಗಾದ್ರೆ ಕಲ್ತು ಬಾ, ಬಿಚ್ಚುವಂತೆ."

"ಸಾಮಾನಿಲ್ದೆ ಒಳಗೇ ಬಿಡಾಕಿಲ್ಲ ಮಾವ."

ಗೋಣೆಪ್ಪ ಯೋಚನೆ ಮಾಡುವವನ ಹಾಗೆ ಒಂದು ಬನ್ನು ಮುಗಿಸಿದ. "ಹಂಗಾದ್ರೆ ಜಗಳೂರಿಗೆ ಬಾ. ಕುರಿ ಕಾಯಾಕೆ ಬಿಚ್ಚಾದು ಕಟ್ಟಾದು ಏನೂ ಇಲ್ಲ."

ಹೊನ್ನೂರಮ್ಮ ಸೌಟು ಹಿಡಿದು ಹೊರಗೆ ಬಂದಳು. ಅವಳಿಗೆ ಎರಡು ದಿನದಿಂದ ಒಲೆಯ ಮುಂದಿನಿಂದ ಏಳಲು ಆಗಿರಲಿಲ್ಲ. "ಅಪ್ಪಾ, ನೀನು ಬ್ರೆಡ್ಡಿನ ಆಸೆಗೆ ನನ್ನ ಸಂಸಾರ ಕುರಿದೊಡ್ಡಿಗೆ ಹಾಕ್ತೀಯೇನು? ಕೈ ಹೋದ್ರೆ ಹೋಗ್ಲಿ, ಬಿಚ್ತೀನಿ," ಎಂದು ಗಂಟಿಗೆ ಕೈ ಹಾಕಿದಳು. ಅಷ್ಟರಲ್ಲಿ ಕೆರೆಗೆ ಹೋದವರು ವಾಪಸು ಬಂದರು. ಗೋಣೆಪ್ಪ ಹೊಟ್ಟೆಯಾಳದಿಂದ ಒಂದು ನರಳಾಟ ಎತ್ತಿದ. ಬಾಗಿಲಲ್ಲಿ ನಿಂತ ಜನ, ಗಾಯಾಳು ತಂದೆಯ ಮೇಲೆ ಸೌಟು ಎತ್ತಿದ ಮಗಳನ್ನು ನೋಡಿದರು. ಹೊನ್ನೂರಮ್ಮ ಒಳಗೆ ಹೋಗಿ ಅತ್ತಳು. ಉಚ್ಚಂಗೆಪ್ಪನಿಗೂ ಅಳು ಬಂತು. ಈ ಸಲ ಅವನು ಕಲಿತದ್ದನ್ನು ಚೆನ್ನಾಗಿಯೇ ಕಲಿತಿದ್ದ. ಒಂದು ಕೆಲಸವಾದರೂ ತನ್ನ ಕೈಗೆ ಹತ್ತಿತು ಎಂದು ಒಳಗೊಳಗೇ ಹಿಗ್ಗಿದ್ದ. ಅದಕ್ಕೇ ಹೆಚ್ಚು ಸಂಕಟವಾಯಿತು.

ಸೋಮವಾರ ಬೆಳಗ್ಗೆ ಅವನು ಬರಿಗೈಯಲ್ಲಿ ಆಸ್ಪತ್ರೆಗೆ ಹೊರಟು ನಿಂತಿದ್ದಾಗ ನ್ಯಾಮತಿಯ ಷಡ್ಡಕ ಒಬ್ಬ ಮುದುಕನನ್ನು ಕರೆದುಕೊಂಡು ಬಂದ. ಎಲುಬು ಕೂಡಿಸುವುದರಲ್ಲಿ ಹೆಸರಾದ ಚಿಕ್ಕಹನುಮಂತಜ್ಜ. ಅಜ್ಜನ ಹೆಬ್ಬೆರಳು ಒಂದೊಂದೂ ಬದನೆಕಾಯಿಯಷ್ಟು ದಪ್ಪ ಇತ್ತು. ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಅವನು ಪಟ್ಟಿಯ ಮೇಲಿನಿಂದಲೇ ಗೋಣೆಪ್ಪನ ಕೈಯನ್ನು ಅಮುಕಿ ನೋಡಿದ. ದಬ್ಬೆ ಕೈಗೆ ಸಿಕ್ಕಿತು.

"ಎಲುಬು ವಾರೆ ಕೂಡೈತೆ," ಎಂದ.

"ಏನ್ ಮಾಡ್ಬೇಕಜ್ಜ?" ಎಂದು ಕರಿಬಸಮ್ಮ ಕೇಳಿದಳು.

"ಏನಿಲ್ಲ. ಇನ್ನೊಂದ್ ಸಲ ಮುರಿದು ನೆಟ್ಟಗೆ ಕೂಡಿಸ್ಬೇಕು. ನಾಕು ಜನ ಹಿಡ್ಕಳ್ರಪ್ಪ. ಬಾಯಿಗೆ ಒಂದು ಬಟ್ಟೆ ಕೊಡ್ರಿ."

ಜಗಳೂರಿನ ಅಣ್ಣತಮ್ಮಂದಿರು ಮೂರು ದಿನದಲ್ಲಿ ಮೊದಲ ಸಲ ಎದ್ದುನಿಂತರು. ಉಂಡ ರೊಟ್ಟಿಗೆ ಏನಾದರೂ ಕೆಲಸ ಮಾಡಿಕೊಡಬೇಕು ಎಂಬ ಭಾವ ಅವರ ಮುಖದಲ್ಲಿತ್ತು. ಅಜ್ಜ ಹೆಬ್ಬೆರಳುಗಳನ್ನು ಎಣ್ಣೆಯಲ್ಲಿ ಅದ್ದಿದ.

ನಿಂತಿದ್ದ ಮಾತು ಗೋಣೆಪ್ಪನಿಗೆ ಒಮ್ಮೆಲೇ ಬಂತು. "ನಂಗೇನೂ ಆಗಿಲ್ರೋ," ಎಂದು ಅರಚಿ, ಮುರಿದ ಕಾಲಿನಲ್ಲೇ ಹೊಸ್ತಿಲು ಹಾರಿ ಬೀದಿಗೆ ಬಿದ್ದ. ಕಾಲಿನ ಪಟ್ಟಿಯ ತುದಿ ಬಾಗಿಲ ಚಿಲಕಕ್ಕೆ ಸಿಕ್ಕಿತು. ಅವನು ಓಡಿದ ಹಾಗೆಲ್ಲ ಅದು ಬಿಚ್ಚಿಕೊಳ್ಳುತ್ತಾ ಬಂತು. ತಲೆಯ ಪಟ್ಟಿ ಕಣ್ಣಿನ ಮೇಲೆ ಜಾರಿತು. ಅವನು ಒಂದು ಕೈಯಲ್ಲಿ ಅದನ್ನು ಮೇಲೆತ್ತಿಕೊಂಡು, ಇನ್ನೊಂದು ಕೈಯ ದಬ್ಬೆಯನ್ನು ಮುಂದೆ ಚಾಚಿಕೊಂಡು ಅರಳಿಕಟ್ಟೆಯ ಕಡೆ ನುಗ್ಗಿದ.

ಕಟ್ಟೆಯ ಮೇಲೆ ಮೂಕಪ್ಪ ಹೊಸದಾಗಿ ಬಂದ ನಾಲ್ಕು ಜನರಿಗೆ ತಾನು ಹೊಡೆದ ರೀತಿಯನ್ನು ತೋರಿಸುತ್ತಿದ್ದ. "ಹಿಂಗೆ ಎತ್ತಿದೆ, ಹಿಂಗೆ ಕೊಟ್ಟೆ, ಅಲ್ಲಿಗೆ ಆಳು ಎದ್ದಿಲ್ಲ ನೋಡ್ರಿ," ಎನ್ನುತ್ತಾ ತಿರುಗಿದ. ಎದ್ದ ಆಳು ಬಿಳಿ ಪಟ್ಟಿ ಹಾರಿಸಿಕೊಂಡು, ಅರಚಿಕೊಂಡು ಅವನ ಮೇಲೆಯೇ ಬರುತ್ತಿತ್ತು. ಮೂಕಪ್ಪ ಓಡಲು ಜಾಗ ಹುಡುಕಿದ. ಮುಂದೆ ಗೋಣೆಪ್ಪ, ಹಿಂದೆ ಅರಳಿಮರ. ಪಕ್ಕಕ್ಕೆ ಹಾರಿ ಕಟ್ಟೆಯಿಂದ ಕೆಳಗೆ ಬಿದ್ದ. ಕೈ ಊರಿ ಬಿದ್ದದ್ದರಿಂದ ಮಣಿಕಟ್ಟಿನ ಮೇಲೆ ಲಟಕ್ಕೆಂದಿತು. ಈ ಸಲ ಅದು ನಿಜವಾಗಿಯೂ ಮುರಿದಿತ್ತು.

ಜನ ಸುತ್ತುಗಟ್ಟಿದರು. ಗೋಣೆಪ್ಪ ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತು ಏದುಸಿರು ಬಿಡುತ್ತಿದ್ದ. ಕರಿಬಸಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ತಿಂದಿದ್ದು ತಿಂದೆ," ಎಂದು ಹೇಳಿ, ಮನೆಗೆ ಹೋಗಿ ಉಳಿದಿದ್ದ ಬ್ರೆಡ್ಡು, ಮೂಸಂಬಿಯನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಬಂದು ಮೂಕಪ್ಪನ ಪಕ್ಕದಲ್ಲಿ ಇಟ್ಟಳು.

ಹಿಂದಿನಿಂದ ಚಿಕ್ಕಹನುಮಂತಜ್ಜ ಎಣ್ಣೆಗೈಯಲ್ಲಿ ತಡವರಿಸುತ್ತಾ, "ಎಲ್ಲಿ, ಎಲ್ಲೈತಪ್ಪ ಎಲುಬು," ಎಂದು ಬಂದ. ಮೂಕಪ್ಪ ಅವನ ಹೆಬ್ಬೆರಳು ನೋಡಿ ಬೆವತುಹೋದ.

"ಉಚ್ಚಂಗಣ್ಣ, ನಿನ್ ಕಾಲಿಗೆ ಬೀಳ್ತೀನಿ, ನೀನೇ ಕಟ್ಟಪ್ಪ."

ಉಚ್ಚಂಗೆಪ್ಪ ಮೂಕಪ್ಪನ ಪಕ್ಕ ಮಂಡಿಯೂರಿದ. ಈವರೆಗೆ ಅವನು ಕಟ್ಟಿದ್ದು ಒಂದು ಕಂಬಕ್ಕೆ ಮತ್ತು ಒಬ್ಬ ಮಾವನಿಗೆ, ಇಬ್ಬರಿಗೂ ಏನೂ ಆಗಿರಲಿಲ್ಲ. ಆದರೆ ಇದು ಹೇಳಿಕೊಟ್ಟ ಕೆಲಸ. ಕಾಲಿನ ಪಟ್ಟಿ ಬೀದಿಯುದ್ದಕ್ಕೂ ಬಿದ್ದಿತ್ತು, ತಲೆಯದು ಕೊರಳಿಗೆ ಜಾರಿತ್ತು, ಕೈಯ ದಬ್ಬೆಯನ್ನು ಗೋಣೆಪ್ಪನೇ ಹಲ್ಲಿನಲ್ಲಿ ಗಂಟು ಎಳೆದು ತೆಗೆದುಕೊಟ್ಟ. ಹೀಗೆ ಬಿಚ್ಚುವುದೆಲ್ಲ ತಾನೇ ಆಗಿಹೋದದ್ದರಿಂದ ಉಚ್ಚಂಗೆಪ್ಪನ ಪ್ರತಿಜ್ಞೆಗೆ ಭಂಗ ಬರಲಿಲ್ಲ. ಅವನು ಪಟ್ಟಿ ಕೊಡವಿದ, ಧೂಳಾಗದ ಭಾಗ ನೋಡಿ ಹಿಡಿದ, ಮೂಕಪ್ಪನ ಕೈಯನ್ನು ಹಸುಗೂಸಿನ ಹಾಗೆ ಎತ್ತಿ ದಬ್ಬೆ ಇಟ್ಟು ಕಟ್ಟಿದ. ಕಟ್ಟಿ ಮುಗಿಯುವವರೆಗೆ ಮೂಕಪ್ಪ ಒಂದು ಸಲವೂ ಕೂಗಲಿಲ್ಲ. ಗಾದ್ರಮ್ಮ ಅವನಿಗಾಗಿ ಕೂಗುತ್ತಿದ್ದಳು.

ಎತ್ತಿನ ಗಾಡಿ ಕಟ್ಟಿಸಿ ಎಲ್ಲರೂ ಆಸ್ಪತ್ರೆಗೆ ಹೋದರು. ಬಸವರಾಜಪ್ಪನವರು ತರಬೇತಿಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಮೂಕಪ್ಪನ ಕೈ ನೋಡಿದರು. ದಬ್ಬೆ ನೋಡಿದರು, ಬೆರಳು ಮುಟ್ಟಿ ನೋಡಿದರು, ಜೋಲಿಯ ಗಂಟು ನೋಡಿದರು.

"ಯಾರು ಕಟ್ಟಿದ್ದು?"

"ನಾನೇ ಸಾರ್."

"ನಾನು ಕಟ್ಟಿದ್ರೂ ಹಿಂಗೇ ಕಟ್ಟೋದು," ಎಂದರು ಬಸವರಾಜಪ್ಪ. "ಪಾಸು. ನಿನ್ನ ಸಾಮಾನೆಲ್ಲಿ?"

"ಅದೇ ಸಾರ್, ಅವನ ಕೈಮೇಲೈತೆ."

ಅವರು ನಕ್ಕರು. "ಸರಿ, ಒಳಗೆ ಡಾಕ್ಟ್ರು ಕೈ ನೋಡ್ಬೇಕು. ಎಲ್ಲರೂ ನೋಡ್ಕಳ್ರಿ, ಇವತ್ತಿನ ಪಾಠ ಇದೇ." ಒಂದು ಕೈಯಲ್ಲಿ ಮೂಕಪ್ಪನ ತೋಳಿಗೆ ಆಸರೆ ಕೊಟ್ಟು, ಇನ್ನೊಂದು ಕೈಯಲ್ಲಿ ಗಂಟಿನ ಒಂದು ತುದಿ ಎಳೆದರು. ಗಂಟು ಸಡಿಲವಾಯಿತು. ಪಟ್ಟಿಯನ್ನು ಸುತ್ತಿದ್ದ ದಿಕ್ಕಿಗೆ ತಿರುವುಮುರುವಾಗಿ ಸುತ್ತಿ ತೆಗೆದು, ಉಂಡೆ ಮಾಡಿ ಉಚ್ಚಂಗೆಪ್ಪನ ಕೈಗೆ ಕೊಟ್ಟರು.

ಉಚ್ಚಂಗೆಪ್ಪ ಇನ್ನೂ ಕಾಯುತ್ತಿದ್ದ. "ಮುಂದೆ ಸಾರ್?"

"ಮುಂದೇನು, ಅಷ್ಟೇ. ಪೆಟ್ಟಾದ ಕೈ ಅಂತ ಆಸರೆ ಕೊಟ್ಟೆ. ಗಟ್ಟಿ ಇರೋ ಕೈಗೆ ಅದೂ ಬೇಕಿಲ್ಲ. ಕೂಸು ಬೇಕಾದ್ರೂ ಬಿಚ್ತತೆ."

ಬಾಗಿಲ ಬಳಿ ನಿಂತಿದ್ದ ಗೋಣೆಪ್ಪ ಇದನ್ನು ಪೂರ್ತಿ ಕೇಳಿಸಿಕೊಂಡ. ವಾಪಸು ಬರುವಾಗ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತು ರಸ್ತೆ ನೋಡುತ್ತಿದ್ದ.

ಸಂಜೆ ಜಗಳೂರಿನ ಕಡೆಯ ಬಸ್ಸಿಗೆ ಅವನು ಕೈಚೀಲ ಹಿಡಿದು ಹೊರಟ. ಔಷಧಿ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡ ಉಚ್ಚಂಗೆಪ್ಪ, ಹೊನ್ನೂರಮ್ಮ ಇಬ್ಬರೂ ಕಳಿಸಿಕೊಡಲು ಬಂದಿದ್ದರು. ಉಚ್ಚಂಗೆಪ್ಪ ಹೆದರುತ್ತಾ, "ಮಾವ, ಪಾಸಾಗೀನಿ. ನಾವು ಬರಾದು ಬ್ಯಾಡ ಅಲ್ವಾ?" ಎಂದು ಕೇಳಿದ.

ಗೋಣೆಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹಿಂತಿರುಗಿದ.

"ನೀನು ಫೇಲಾಗಿದ್ರೂ ಕರ್ಕಂಡು ಹೋಗ್ತಿರ್ಲಿಲ್ಲ ಕಣಪ್ಪ. ನನ್ನ ಕುರಿ ಯಾವುದಾದ್ರೂ ಕಾಲು ಉಳುಕಿಸ್ಕಂಡ್ರೆ ನೀನು ಚೆನ್ನಾಗಿ ಕಟ್ಟಿಬಿಡ್ತೀಯ. ಆಮೇಲೆ ಸೋಮವಾರದ ತನಕ ಅದನ್ನ ನಾನು ಹೆಗಲ ಮ್ಯಾಲೆ ಹೊತ್ಕಂಡು ತಿರುಗಬೇಕಾಗ್ತತೆ."

ಬಸ್ಸು ಹೊರಟಿತು. ಉಚ್ಚಂಗೆಪ್ಪ ಧೂಳು ಅಡಗುವವರೆಗೆ ಕೈ ಬೀಸುತ್ತಲೇ ನಿಂತಿದ್ದ. ಬಸ್ಸು ಕಾಣದಾದ ಮೇಲೂ ಬೀಸುತ್ತಿದ್ದ. ಕೊನೆಗೆ ಹೊನ್ನೂರಮ್ಮ ಆ ಕೈಯನ್ನು ಹಿಡಿದು ಕೆಳಗೆ ಇಳಿಸಿ, "ಸಾಕು, ನಡೀರಿ," ಎಂದಳು.